ಇನ್ನೂರ ನಲವತ್ತನೆಯ ಪುಟದ ನಂತರ

ಶುಕ್ರವಾರ ಬೆಳಿಗ್ಗೆ ಹನ್ನೊಂದೂವರೆಗೆ ಇಲಿಮರಿ ತನ್ನ ನೋಟ್‌ಬುಕ್ ತೆರೆದಳು.

ನೋಟ್‌ಬುಕ್ಕಿನ ನಡುವೆ, ಇರಬಾರದ ಜಾಗದಲ್ಲಿ, ಹಳೆಯ ಕಾಗದದ ಒಂದು ಮಡಿಕೆ ಬೆಚ್ಚಗೆ ಕೂತಿತ್ತು. ಅಂಚು ಕಂದಿತ್ತು, ಬೆನ್ನಿನಲ್ಲಿ ಹಳೆ ಹೊಲಿಗೆಯ ನಾಲ್ಕು ತೂತು. ಮೊದಲ ಪುಟದ ಮೂಲೆಯಲ್ಲಿದ್ದ ಅಂಕಿ ಇನ್ನೂರ ನಲವತ್ತೊಂದು. ಕೊನೆಯ ಪುಟ ನೋಡುವ ಅಗತ್ಯವೇನೂ ಇರಲಿಲ್ಲ, ಆದರೂ ತಿರುವಿ ನೋಡಿದಳು. ಇನ್ನೂರ ಐವತ್ತಾರು.

‘ಹೆಪ್ಪುಗಡಲು’ ಕಾದಂಬರಿಯ ಕೊನೆಯ ಹದಿನಾರು ಪುಟ ಇಲ್ಲಿದ್ದವು. ಕಾದಂಬರಿಯ ಉಳಿದ ಭಾಗ ಸೋಮವಾರದಿಂದ ಬಾಟಲಿ ಅಕ್ಕನ ಹತ್ತಿರ ಇತ್ತು. ಅಕ್ಕ ಈ ಹೊತ್ತಿಗೆ ಅದನ್ನು ಓದಿ ಮುಗಿಸಿರುತ್ತಾಳೆ. ಅಂದರೆ, ಮುಗಿಸಿದೆ ಎಂದುಕೊಂಡಿರುತ್ತಾಳೆ. ಕೆಲಸ ಬಿಡುವ ಅರ್ಜಿಗೆ ಸಹಿ ಹಾಕಬೇಕೋ ಬೇಡವೋ ಎಂದು ಅವಳು ತೀರ್ಮಾನಿಸಬೇಕಾದದ್ದು ಇವತ್ತು ಸಂಜೆ ನಾಲ್ಕರೊಳಗೆ. “ಕೊನೆಯಲ್ಲಿ ಉತ್ತರ ಇದೆ ಅಕ್ಕಾ, ಕೊನೇ ಪುಟದವರೆಗೂ ಓದಿ” ಎಂದು ಹೇಳಿ ಆ ಪುಸ್ತಕ ಕೊಟ್ಟವಳು ಇಲಿಮರಿಯೇ.

ಇಲಿಮರಿ ಎನ್ನುವುದು ರಟ್ಟಜ್ಜ ಇಟ್ಟ ಹೆಸರು. ಪದವಿ ಮುಗಿಸಿ, ನಾಲ್ಕು ಸಂದರ್ಶನಗಳಲ್ಲಿ ತನ್ನ ಹೆಸರನ್ನೇ ಯಾರಿಗೂ ಕೇಳಿಸದ ಹಾಗೆ ಹೇಳಿ ವಾಪಸಾಗಿದ್ದ ಹುಡುಗಿ, ಐದನೆಯದರಲ್ಲಿ ಊರಿನ ಗ್ರಂಥಾಲಯದ ರಿಪೇರಿ ಕೋಣೆಗೆ ಸಹಾಯಕಿಯಾಗಿ ಸೇರಿದ್ದಳು. ಅಲ್ಲಿ ಮಾತಾಡುವ ಕೆಲಸವಿರಲಿಲ್ಲ. ಇದ್ದವರು ಇಬ್ಬರೇ. ನಲವತ್ತು ವರ್ಷದಿಂದ ಪುಸ್ತಕ ಹೊಲಿಯುತ್ತ, ರಟ್ಟು ಕತ್ತರಿಸುತ್ತ ತಾನೂ ಒಂದು ಹಳೆ ರಟ್ಟಿನ ಬಣ್ಣಕ್ಕೆ ತಿರುಗಿದ್ದ ರಟ್ಟಜ್ಜ, ಮತ್ತು ಇವಳು. ಅಂಟು ಒಣಗುವ ಹೊತ್ತಿನಲ್ಲಿ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಓದುತ್ತಿದ್ದ ಇವಳನ್ನು ನೋಡಿ ಮೊದಲ ವಾರವೇ ಅಜ್ಜ ಎಂದಿದ್ದ: “ಓದು ಇಲಿಮರಿ, ಓದು. ತಿನ್ನಬೇಡ ಅಷ್ಟೇ.”

ಕೆಲಸ ಹೀಗೆ. ಹರಿದು ಬಂದ ಪುಸ್ತಕದ ರಟ್ಟು ಬಿಚ್ಚಬೇಕು, ಹಳೆ ಅಂಟು ಕೆರೆಯಬೇಕು. ಆಮೇಲೆ ಫರ್ಮಾಗಳನ್ನು (ಹದಿನಾರು ಪುಟದ ಒಂದೊಂದು ಮಡಿಕೆಗೆ ಆ ಕೋಣೆಯಲ್ಲಿ ಫರ್ಮಾ ಎನ್ನುತ್ತಾರೆ) ಒಂದರ ಮೇಲೊಂದು ಸರಿಯಾಗಿ ಜೋಡಿಸಿ, ಎಣಿಸಿ, ಅಜ್ಜನ ಮುಂದಿಡಬೇಕು. ಹೊಲಿಯುವುದು ಅಜ್ಜನ ಕೆಲಸ. ಎಣಿಸುವುದು ಇವಳದು. ಇವಳು ಎಣಿಸಿಟ್ಟದ್ದನ್ನು ಅಜ್ಜ ಮತ್ತೆ ಎಣಿಸುತ್ತಿರಲಿಲ್ಲ. ಕಣ್ಣು ಮಂಜಾದ ಮೇಲೆ ಅವನು ಬೆರಳನ್ನೂ ಇವಳನ್ನೂ ನಂಬಿಕೊಂಡಿದ್ದ.

ಬಾಟಲಿ ಅಕ್ಕ ಆ ಕೋಣೆಗೆ ಹಳೆಯ ನಂಟು. ಊರಾಚೆಯ ಕೆರೆಯ ನೀರು ಪರೀಕ್ಷೆ ಮಾಡುವುದು ಅವಳ ಕೆಲಸ. ಊರಿನ ನಲ್ಲಿಗಳಿಗೆಲ್ಲ ಬರುವುದು ಅದೇ ನೀರು. ದಿನವೂ ಕೆರೆಗೆ ಒಂದು ಬಿಳಿ ತಟ್ಟೆಯನ್ನು ಹಗ್ಗ ಕಟ್ಟಿ ಇಳಿಸುತ್ತಾಳೆ. ತಟ್ಟೆ ಎಷ್ಟು ಆಳದಲ್ಲಿ ಕಣ್ಣಿಗೆ ಮರೆಯಾಯಿತು ಎಂದು ಬರೆದುಕೊಳ್ಳುತ್ತಾಳೆ. ನೀರು ಎಷ್ಟು ತಿಳಿಯೋ ಅಷ್ಟು ಆಳದವರೆಗೆ ತಟ್ಟೆ ಕಾಣುತ್ತದೆ. ಅವಳು ಕೆಲಸಕ್ಕೆ ಸೇರಿದ ವರ್ಷ ಮೂರೂವರೆ ಮೀಟರಿನವರೆಗೆ ಕಾಣುತ್ತಿತ್ತಂತೆ. ಈಗ ಒಂದು ಮೀಟರು ಕಂಡರೆ ದೊಡ್ಡದು. ಆ ಅಂಕಿ ಬರೆಯುವ ಹಾಳೆಗಳನ್ನು ವರ್ಷಕ್ಕೊಮ್ಮೆ ರಟ್ಟಜ್ಜನ ಕೈಯಲ್ಲಿ ಹೊಲಿಸಿಕೊಂಡು ಹೋಗುತ್ತಿದ್ದಳು. ಚೀಲದಲ್ಲಿ ಸದಾ ಖಾಲಿ ಗಾಜಿನ ಬಾಟಲಿಗಳು ಕಿಣಿಕಿಣಿ ಎನ್ನುತ್ತಿದ್ದುದರಿಂದ ಅವಳು ಬರುವುದು ಬೀದಿಯ ತಿರುವಿನಲ್ಲೇ ಗೊತ್ತಾಗುತ್ತಿತ್ತು.

ಎರಡು ವಾರದ ಹಿಂದೆ ಹಾಗೆ ಕಿಣಿಕಿಣಿ ಎನ್ನುತ್ತ ಬಂದವಳು ಸ್ಟೂಲಿನ ಮೇಲೆ ಕುಸಿದು ಕೂತು ಮೊಣಕಾಲು ನೀವಿಕೊಂಡಿದ್ದಳು.

“ಬೇಗ ಕೆಲಸ ಬಿಡೋರು ಬಿಡಬಹುದಂತೆ ಅಜ್ಜ. ಅರ್ಜಿ ಬಂದಿದೆ. ನಾನು ಬಿಟ್ರೆ ಆ ಕುರ್ಚೀನೂ ಎತ್ತಿಬಿಡ್ತಾರೆ. ತಿಂಗಳಿಗೊಂದ್ಸಲ ಯಾರೋ ಬಂದು ಒಂದು ಬಾಟಲಿ ತುಂಬಿಸ್ಕೊಂಡು ಹೋದ್ರೆ ಸಾಕಂತೆ.”

“ಬಿಡು ಮಾರಾಯ್ತಿ. ಮೊಣಕಾಲಿಗೂ ರಜ ಸಿಗ್ಲಿ.”

“ಮೊಣಕಾಲೂ ಅದೇ ಹೇಳುತ್ತೆ. ಮನೇಲಿ ಯಜಮಾನ್ರೂ ಅದೇ ಹೇಳ್ತಾರೆ. ನಾನು ಬರೆದದ್ದನ್ನ ಓದೋರಾದ್ರೂ ಯಾರು? ಹತ್ತೊಂಬತ್ತು ವರ್ಷ ಆಯ್ತು, ಒಬ್ಬೇ ಒಬ್ಬ ಫೋನ್ ಮಾಡಿ ‘ಏನ್ರೀ, ಈ ಅಂಕಿ ಹೀಗ್ಯಾಕೆ ಇಳೀತಿದೆ’ ಅಂತ ಕೇಳಿಲ್ಲ.” ಆಮೇಲೆ ತಟ್ಟನೆ ಮೂಲೆಯ ಕಡೆ ತಿರುಗಿದಳು. “ಏ ಮರೀ, ಇಷ್ಟೊಂದು ಓದ್ತೀಯಲ್ಲ. ಇರ್ಬೇಕೋ ಹೋಗ್ಬೇಕೋ ಹೇಳೋ ಪುಸ್ತಕ ಒಂದಿದ್ರೆ ಕೊಡೇ. ಉಪದೇಶ ಬೇಡ. ಕಥೆ ಇರ್ಲಿ.”

ಇಲಿಮರಿ ಯಾರಿಗೂ ಯಾವ ಪುಸ್ತಕವನ್ನೂ ಓದಿ ಎಂದು ಹೇಳಿದವಳಲ್ಲ. ತನಗೆ ಇಷ್ಟವಾದದ್ದನ್ನು ಇನ್ನೊಬ್ಬರ ಕೈಗಿಡುವುದೆಂದರೆ ಬೀದಿಯಲ್ಲಿ ನಿಂತು ತನ್ನ ಪೆಟ್ಟಿಗೆ ತೆರೆದು ತೋರಿಸಿದ ಹಾಗೆ ಅವಳಿಗೆ. ಆದರೆ ಆವತ್ತು ಬಾಯಿ ಅವಳ ಅಪ್ಪಣೆಗೆ ಕಾಯಲಿಲ್ಲ.

“ಒಂದಿದೆ” ಎಂದಳು.

“ಎಂಥದ್ದು?”

“ಮುಂದೆ ಬರೋ ಕಾಲದ್ದು. ನೂರಾರು ವರ್ಷ ಆದ್ಮೇಲಿಂದು.”

“ಅಯ್ಯೋ, ಹಾರೋ ತಟ್ಟೆ ಗಿಟ್ಟೆ ಬರುತ್ತಾ?”

“ತಟ್ಟೆ ಬರುತ್ತೆ ಅಕ್ಕಾ. ಹಾರಲ್ಲ. ಮುಳುಗುತ್ತೆ.”

ರಟ್ಟಜ್ಜ ದಬ್ಬಣ ಕೆಳಗಿಟ್ಟು ನಕ್ಕ. ಅಕ್ಕನೂ ನಕ್ಕಳು. ಇಲಿಮರಿ ಕಿವಿಯವರೆಗೆ ಕೆಂಪಾಗಿ ಉಳಿದದ್ದನ್ನು ನೆಲಕ್ಕೆ ಹೇಳಿದಳು. ಕಡಲೆಲ್ಲ ಹೆಪ್ಪುಗಟ್ಟಿದ ಹಾಲಿನ ಹಾಗೆ ಮಂದವಾಗಿದೆ, ಮೀನು ಹೋಗಿವೆ, ಹಡಗು ನಿಂತಿವೆ. ಕಡಲ ನಡುವೆ ಒಂದು ಗೋಪುರ. ಅದರಲ್ಲಿ ಒಬ್ಬಳೇ ಹೆಂಗಸು. ಇಪ್ಪತ್ತಾರು ವರ್ಷದಿಂದ ದಿನಕ್ಕೊಮ್ಮೆ ಬಿಳಿ ತಟ್ಟೆ ಇಳಿಸಿ ಅಂಕಿಯನ್ನು ದಡಕ್ಕೆ ಕಳಿಸುತ್ತಾಳೆ. ದಡದಿಂದ ಉತ್ತರವಿಲ್ಲ.

ಅಕ್ಕನ ನಗು ನಿಂತಿತು. “ಕೊಡು ಅದನ್ನ” ಎಂದಳು.

ಗ್ರಂಥಾಲಯದಲ್ಲಿದ್ದುದು ಅದರ ಒಂದೇ ಪ್ರತಿ, ಬೆನ್ನು ಮುರಿದು ಹಾಳೆ ಸಡಿಲಾಗಿತ್ತು. ಇಲಿಮರಿ ಅದನ್ನು ಎಲ್ಲಕ್ಕಿಂತ ಮುಂದೆ ಎಳೆದುಕೊಂಡು ಬಿಚ್ಚಿದಳು. ಶನಿವಾರ ಫರ್ಮಾ ಜೋಡಿಸುವಾಗ ಹದಿನಾರನೆಯದು, ಅಂದರೆ ಕೊನೆಯದು, ಕೈಗೆ ಬಂತು. ಅದರಲ್ಲೊಂದು ಸಾಲಿತ್ತು. ಎಷ್ಟು ಸಲ ಓದಿದರೂ ಅವಳು ಮತ್ತೆ ಹಿಂದಿರುಗಿ ಓದುವ ಸಾಲು. ನೋಟ್‌ಬುಕ್ ತೆಗೆದು ಅದನ್ನು ಬರೆದುಕೊಳ್ಳತೊಡಗಿದಳು. ಅರ್ಧ ಬರೆಯುವಷ್ಟರಲ್ಲಿ ಹೊರಗಿನಿಂದ ಗ್ರಂಥಪಾಲಕಿ ಮೇಡಂ ಕರೆದರು. ಗಡಿಬಿಡಿಯಲ್ಲಿ ನೋಟ್‌ಬುಕ್ ಮುಚ್ಚಿ ಎದ್ದಳು. ವಾಪಸ್ ಬಂದಾಗ ಅಜ್ಜ ಹೊಲಿಗೆ ಮುಗಿಸಿ ಬೆನ್ನಿಗೆ ಬಟ್ಟೆ ಅಂಟಿಸುತ್ತಿದ್ದ.

ಅಷ್ಟೇ ನಡೆದದ್ದು. ಇನ್ನೂರ ನಲವತ್ತನೆಯ ಪುಟ ಒಂದು ಅಧ್ಯಾಯದ ಕೊನೆಯಾಗಿರದಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಆದರೆ ಅಲ್ಲಿ ಆ ಹೆಂಗಸು ದೀಪ ಆರಿಸಿ ಮೆಟ್ಟಿಲು ಇಳಿಯುತ್ತಾಳೆ, ಕೆಳಗೆ ಅರ್ಧ ಪುಟ ಖಾಲಿ. ಪುಸ್ತಕ ಅಲ್ಲಿಗೇ ಮುಗಿಯಿತು ಎಂದು ಯಾರಾದರೂ ನಂಬಬೇಕು, ಹಾಗಿತ್ತು.

“ಅಜ್ಜ” ಎಂದಳು ಇಲಿಮರಿ.

ರಟ್ಟಜ್ಜ ತಲೆಯೆತ್ತಲಿಲ್ಲ. ಅವಳು ಮಡಿಕೆಯನ್ನು ಅವನ ಕೈಗಿಟ್ಟಳು. ಅವನ ಹೆಬ್ಬೆರಳು ಬೆನ್ನಿನ ತೂತುಗಳ ಮೇಲೆ ಒಮ್ಮೆ ಓಡಾಡಿತು. ಅಲ್ಲೇ ನಿಂತಿತು.

“ಎಣಿಸಿದ್ಯಾ?”

“ಎಣಿಸ್ದೆ. ಓದ್ತಾ ಎಣಿಸ್ದೆ.”

ಬೈದಿದ್ದರೆ ಹಗುರಾಗುತ್ತಿತ್ತು. ಅಜ್ಜ ಬೈಯಲಿಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದ, ಒರೆಸುತ್ತಲೇ ಇದ್ದ. “ನಲವತ್ತು ವರ್ಷದಲ್ಲಿ ತಲೆಕೆಳಗಾಗಿ ಹೊಲಿದಿದ್ದೀನಿ, ಬೇರೆ ಪುಸ್ತಕದ ರಟ್ಟು ಹಾಕಿದ್ದೀನಿ. ಬಾಲವೇ ಇಲ್ಲದ ಪುಸ್ತಕ ಇದೇ ಮೊದ್ಲು ಹೊರಗೆ ಹೋಗಿದ್ದು” ಎಂದ. ಆಮೇಲೆ, “ಇದರಲ್ಲಿ ಏನಿದೆ?” ಎಂದು ಕೇಳಿದ.

ಹೇಳಿದಳು. ಇಳಿಯುತ್ತಿದ್ದ ಹೆಂಗಸಿಗೆ ಕೆಳಗಿನ ಕೋಣೆಯ ಹಳೆ ರೇಡಿಯೊ ಗೊರಗುಟ್ಟುವುದು ಕೇಳುತ್ತದೆ. ದಡವಲ್ಲ. ಇನ್ನೊಂದು ಗೋಪುರ. ಅದರಾಚೆ ಮತ್ತೊಂದು. ಒಟ್ಟು ಏಳು. ಪ್ರತಿಯೊಬ್ಬರೂ ಮೊದಲು ತಾನೊಬ್ಬನೇ, ತಾನೊಬ್ಬಳೇ ಎಂದುಕೊಂಡು ತಟ್ಟೆ ಇಳಿಸುತ್ತಿದ್ದವರು, ಆಮೇಲೆ ರೇಡಿಯೊದಲ್ಲಿ ಇವಳ ಅಂಕಿ ಕೇಳಿಸಿ, ಅದಕ್ಕಾಗಿ ದಿನವೂ ಕಿವಿಗೊಟ್ಟು ಕೂತಿದ್ದವರು.

“ಅಂದ್ರೆ ಅಕ್ಕ ಓದಿರೋದು ಬರೀ ಇಳಿದು ಹೋಗೋವರೆಗೆ.”

“ಹೂಂ.”

“ಇವತ್ತು ನಾಲ್ಕು ಗಂಟೆಗೆ ಅಲ್ವಾ ಅವಳದ್ದು?”

ಇಲಿಮರಿ ತಲೆಯಾಡಿಸಿದಳು. ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು: ಅಕ್ಕ ಪುಸ್ತಕ ಮುಚ್ಚುತ್ತಾಳೆ, ‘ಓ, ಇದೇನಾ ಉತ್ತರ’ ಎನ್ನುತ್ತಾಳೆ, ಪೆನ್ನು ತೆಗೆಯುತ್ತಾಳೆ. ಒಂದು ಸಾಲಿನ ಆಸೆಗೆ ಒಬ್ಬರ ಕೆಲಸ ಹೋಗುತ್ತದೆ. ಒಂದು ಕೆರೆಗೆ ಇದ್ದ ಒಂದು ಜೊತೆ ಕಣ್ಣೂ ಹೋಗುತ್ತದೆ.

ಫೋನ್ ಇದ್ದದ್ದು ಮೇಡಂ ಮೇಜಿನ ಮೇಲೆ. ಫೋನ್ ಎಂದರೆ ಇಲಿಮರಿಗೆ ಅಂಗೈ ಬೆವರುತ್ತದೆ. ಆವತ್ತು ಬೆವರಿದ ಕೈಯಲ್ಲೇ ಎತ್ತಿದಳು. ಸದಸ್ಯತ್ವದ ಕಾರ್ಡಿನಲ್ಲಿದ್ದುದು ಕೆರೆ ದಂಡೆಯ ಪರೀಕ್ಷಾ ಕೊಠಡಿಯ ನಂಬರು ಒಂದೇ. ಅದು ಬಡಿದುಕೊಂಡು ಬಡಿದುಕೊಂಡು ತಾನೇ ಸುಮ್ಮನಾಯಿತು. ಮೂರು ಸಲ. ಎದುರು ಕುರ್ಚಿಯಲ್ಲಿ ಮೇಡಂ ಹುಬ್ಬೇರಿಸಿ ನೋಡುತ್ತಿದ್ದರು.

“ಅರ್ಧ ದಿನ ರಜ ಬೇಕಿತ್ತು” ಎಂದಳು ಇಲಿಮರಿ.

“ಏನಂದೆ? ಜೋರಾಗಿ ಹೇಳಮ್ಮ.”

“ಹದಿನಾರು ಪುಟ ಕೊಡೋಕೆ.”

“ಹದಿನಾರು ಪುಟಕ್ಕೆ ಅರ್ಧ ದಿನಾನಾ? ಪುಸ್ತಕ ವಾಪಸ್ ಬಂದಾಗ ಸೇರಿಸಿದ್ರಾಯ್ತಪ್ಪ!”

ರಿಪೇರಿ ಕೋಣೆಯ ಬಾಗಿಲಿನಿಂದ ಅಜ್ಜನ ದನಿ ಬಂತು. “ಕಳಿಸಿ ಮೇಡಂ. ಹೊಲಿದವನು ನಾನು, ತಪ್ಪು ನಂದು. ನನ್ನ ಕಾಲಿಗಿಂತ ಅವಳ ಕಾಲು ಚುರುಕು ಅಂತ ಕಳಿಸ್ತಿದ್ದೀನಿ.”

ಇಲಿಮರಿ ಅಲ್ಲೇ ನೆಲದೊಳಗೆ ಇಳಿದುಹೋದಳು. ‘ಅಲ್ಲ, ನಂದು’ ಎನ್ನಬೇಕಿತ್ತು. ಮಾತು ಗಂಟಲಿನವರೆಗೆ ಬಂತು, ಬಾಯಿಗೆ ಬರಲಿಲ್ಲ. ಅದನ್ನೂ ಹೊತ್ತುಕೊಂಡೇ, ಮೇಡಂ ಊಟ ಮುಗಿಸಿ ಬರುವವರೆಗೆ ಕೌಂಟರ್ ಕಾದು, ಎರಡು ಗಂಟೆಯ ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮಾತು ಜೋಡಿಸಿಕೊಂಡಳು. ‘ಅಕ್ಕಾ, ಸಹಿ ಹಾಕ್ಬೇಡಿ.’ ಛೆ, ಹಾಗೆ ಹೇಳಲು ತಾನ್ಯಾರು? ‘ಅಕ್ಕಾ, ಒಂದು ತಪ್ಪಾಗಿದೆ.’ ತಪ್ಪು ಎಂದರೆ ಮೊದಲೇ ಗಾಬರಿಯಾಗುತ್ತಾಳೆ. ‘ಅಕ್ಕಾ, ಸುಮ್ನೆ ಈ ಕಡೆ ಬಂದಿದ್ದೆ.’ ಆ ಕಡೆ ಯಾರೂ ಸುಮ್ಮನೆ ಹೋಗುವುದಿಲ್ಲ; ಅಲ್ಲಿರುವುದು ಕೆರೆ, ಪಂಪಿನ ಮನೆ, ಪರೀಕ್ಷಾ ಕೊಠಡಿ ಅಷ್ಟೇ. ಚೀಲವನ್ನು ತೊಡೆಯ ಮೇಲಿಟ್ಟು ಮಡಿಕೆ ಇದೆಯೋ ಇಲ್ಲವೋ ಎಂದು ಬಟ್ಟೆಯ ಮೇಲಿಂದಲೇ ಮುಟ್ಟಿ ನೋಡಿಕೊಂಡಳು. ಐದು ನಿಮಿಷಕ್ಕೆ ಮತ್ತೆ ಮುಟ್ಟಿದಳು.

ಪಂಪಿನ ಮನೆಯ ಸ್ಟಾಪಿನಲ್ಲಿ ಇಳಿಯುವವರು ಬೇರೆ ಯಾರೂ ಇರಲಿಲ್ಲ. ಹಾಗಾಗಿ ಬಸ್ಸು ನಿಧಾನವನ್ನೂ ಮಾಡಲಿಲ್ಲ. ಇಲಿಮರಿ ಎದ್ದು ನಿಂತಳು. “ನಿಲ್ಸಿ” ಎಂದಳು. ಪಕ್ಕದಲ್ಲಿ ತೂಕಡಿಸುತ್ತಿದ್ದ ಹೆಂಗಸಿಗೂ ಕೇಳಿಸದಂಥ ‘ನಿಲ್ಸಿ’ ಅದು. ಸ್ಟಾಪು ಕಿಟಕಿಯಲ್ಲಿ ಬಂತು, ಕಿಟಕಿಯಲ್ಲೇ ಹೋಯಿತು. ಮುಂದಿನದು ಎರಡು ಕಿಲೋಮೀಟರು ಆಚೆ.

ಇಳಿದು ಹಿಂದಕ್ಕೆ ಓಡಿದಳು. ಓಡಿದಳು ಎನ್ನುವುದಕ್ಕಿಂತ, ಸ್ವಲ್ಪ ಓಡಿ, ಸ್ವಲ್ಪ ನಡೆದು, ಪಕ್ಕೆ ಹಿಡಿದುಕೊಂಡು ನಿಂತು, ಗಡಿಯಾರ ನೋಡಿ ಜೀವ ಬಾಯಿಗೆ ಬಂದು ಮತ್ತೆ ಓಡಿದಳು. ಪರೀಕ್ಷಾ ಕೊಠಡಿಯ ಹಂಚು ಕಂಡಾಗ ಮೂರು ಗಂಟೆ ಇಪ್ಪತ್ತೈದು ನಿಮಿಷ.

ಒಂದೇ ಕೋಣೆಯ ಕಟ್ಟಡ. ಬಾಗಿಲು ತೆರೆದಿತ್ತು. ಒಳಗೆ ಉದ್ದ ಮೇಜು, ಅದರ ಮೇಲೆ ಸಾಲಾಗಿ ಚೀಟಿ ಅಂಟಿಸಿದ ಬಾಟಲಿಗಳು, ಗೋಡೆಯ ಗೂಡಿನಲ್ಲಿ ಹತ್ತೊಂಬತ್ತು ದಪ್ಪ ಪುಸ್ತಕಗಳು. ಎಲ್ಲದರ ಬೆನ್ನೂ ರಟ್ಟಜ್ಜನ ಕೈಯದೇ; ಇಲಿಮರಿಗೆ ಹೊಲಿಗೆ ನೋಡಿದರೆ ಗೊತ್ತಾಗುತ್ತಿತ್ತು. ಮೂಲೆಯಲ್ಲಿ ಫೋನು. ಅದರ ವೈರು ಗೋಡೆಯಿಂದ ಕಳಚಿ ನೇತಾಡುತ್ತಿತ್ತು.

ಬಾಟಲಿ ಅಕ್ಕ ಕಿಟಕಿ ಬಳಿ ಚೀಟಿಗೆ ಅಂಟು ಹಚ್ಚುತ್ತಿದ್ದಳು. ಮೇಜಿನ ತುದಿಯಲ್ಲಿ ‘ಹೆಪ್ಪುಗಡಲು’. ಅದರ ಪಕ್ಕದಲ್ಲಿ ಒಂದು ಅರ್ಜಿ. ಗಾಳಿಗೆ ಹಾರದಿರಲಿ ಎಂದು ಅದರ ಕೆಳತುದಿಯ ಮೇಲೆ, ಸರಿಯಾಗಿ ಸಹಿ ಹಾಕುವ ಜಾಗದ ಮೇಲೆ, ಒಂದು ಬಾಟಲಿ ಇಟ್ಟಿದ್ದಳು.

“ಅಯ್ಯೋ ಮರೀ! ಇದೇನೇ ಇದು, ಮುಖ ಬೆವರಲ್ಲಿ ತೊಯ್ದು ಹೋಗಿದೆ! ನಾಯಿ ಅಟ್ಟಿಸ್ಕೊಂಡು ಬಂತಾ?”

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಸಿಗಲಿಲ್ಲ. “ಓದಿದ್ರಾ ಅಕ್ಕಾ?” ಎಂದಳು.

“ಓದದೇ ಇರ್ತೀನಾ? ಬುಧವಾರವೇ ಮುಗಿಸ್ದೆ. ಮುಗಿಸಿ, ಪುಸ್ತಕ ಎತ್ತಿ ಗೋಡೆಗೆ ಎಸೀಬೇಕು ಅನ್ನಿಸ್ತು. ರಟ್ಟಜ್ಜನ ಮುಖ ನೆನಪಾಯ್ತು, ಸುಮ್ಮನಾದೆ.”

ಇಲಿಮರಿ ಚೀಲವನ್ನು ಎದೆಗೆ ಅವುಚಿಕೊಂಡಳು.

“ಕೂತ್ಕೋ, ಹೇಳ್ತೀನಿ” ಎಂದು ಅಕ್ಕ ಅಂಟಿನ ಕಡ್ಡಿಯನ್ನು ಅವಳ ಕಡೆಗೆ ತಿರುಗಿಸಿದಳು. “ಆ ಗೋಪುರದವಳು. ಇಪ್ಪತ್ತಾರು ವರ್ಷ ತಟ್ಟೆ ಇಳಿಸಿದವಳು. ಕೊನೇ ದಿನ ದೀಪ ಆರಿಸಿ ಇಳಿದು ಹೋಗ್ತಾಳೆ. ಹೋಗ್ಲಿ, ಸಾಕಾಗಿರುತ್ತೆ, ಅವಳಿಗೂ ಮೊಣಕಾಲಿರುತ್ತೆ. ಆದ್ರೆ ಆವತ್ತು ತಟ್ಟೆ ಇಳಿಸಿದ್ದಾಳೆ, ಎಲ್ಲಿ ಮರೆಯಾಯ್ತು ಅಂತ ಕಣ್ಣಾರೆ ನೋಡಿದ್ದಾಳೆ, ಬರೆದಿಲ್ಲ! ನೋಡಿದ ಅಂಕಿ ಬರೆಯದೆ ಎದ್ದು ಹೋಗ್ತಾಳಲ್ಲೇ! ಆ ಒಂದು ಚೌಕ ಖಾಲಿ! ನಂಗೆ ಮೈಯೆಲ್ಲ ಉರಿದುಹೋಯ್ತು. ಹೀಗೂ ಇರ್ತಾರಾ ಜನ?”

ಇಲಿಮರಿ ಬಾಯಿ ಬಿಟ್ಟುಕೊಂಡು ನೋಡಿದಳು. ಆ ಪುಸ್ತಕವನ್ನು ಅವಳು ಐದು ಸಲ ಓದಿದ್ದಳು. ಆ ಖಾಲಿ ಚೌಕ ಒಮ್ಮೆಯೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ.

“ಆಮೇಲೆ ನನ್ನ ಪುಸ್ತಕ ತೆಗೆದು ನೋಡ್ದೆ. ಇವತ್ತು ನಾನು ಅರ್ಜಿ ಕೊಟ್ರೆ ಮುಂದಿನ ತಿಂಗಳು ಒಂದನೇ ತಾರೀಖು ಖಾಲಿ. ಎರಡು ಖಾಲಿ. ಮೂರು ಖಾಲಿ. ಯಜಮಾನ್ರು ಗಳಿಗೆಗೊಂದ್ಸಲ ಫೋನ್ ಮಾಡಿ ‘ಹಾಕಿದ್ಯಾ, ಹಾಕಿದ್ಯಾ’ ಅಂತಿದ್ರು, ವೈರೇ ಕಿತ್ತುಹಾಕ್ದೆ. ಹಾಕಲ್ಲ ನಾನು. ನೀನು ಸರಿಯಾದ ಪುಸ್ತಕವೇ ಕೊಟ್ಟೆ. ಕೊನೇಲಿ ಉತ್ತರ ಇದೆ ಅಂದ್ಯಲ್ಲ, ಸತ್ಯವಾದ ಮಾತು.”

ಎದೆಯ ಮೇಲಿನ ಕಲ್ಲು ಇಳಿಯಿತು. ಒಂದು ಉಸಿರಿನಷ್ಟು ಹೊತ್ತು ಮಾತ್ರ. ಮರುಗಳಿಗೆಯಲ್ಲಿ ಚೀಲದೊಳಗಿನ ಹದಿನಾರು ಪುಟ ಅದಕ್ಕಿಂತ ಭಾರವಾಯಿತು.

ಯಾಕೆಂದರೆ, ಈಗ ಹೊಳೆಯಿತು, ಆ ಚೌಕ ಕೊನೆಯ ಪುಟಗಳಲ್ಲಿ ತುಂಬುತ್ತದೆ. ಗೋಪುರದವಳಿಂದಲ್ಲ. ಪಕ್ಕದ ಗೋಪುರದವರು ರೇಡಿಯೊದಲ್ಲಿ ಹೇಳುತ್ತಾರೆ: ‘ನೀನು ದಣಿದ ದಿನ ನಾವು ಬರೆದೆವು. ನಾವು ದಣಿದ ದಿನಗಳಲ್ಲಿ ನೀನು ಬರೆದಿದ್ದೆ.’ ಇಲಿಮರಿ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದ ಸಾಲು ಅದೇ. ಬೆಳಿಗ್ಗೆಯವರೆಗೆ ಆ ಸಾಲು ಅಕ್ಕನನ್ನು ಉಳಿಸುತ್ತದೆ ಎಂದುಕೊಂಡಿದ್ದಳು. ಈಗ ಅದೇ ಸಾಲು, ‘ನೀನು ಹೋಗಬಹುದು, ನಾವಿದ್ದೇವೆ’ ಎಂದು ಹೇಳುವ ಹಾಗೆ ಕೇಳುತ್ತಿತ್ತು. ಈ ಕೆರೆಗೆ ಇನ್ನೂ ಆರು ಗೋಪುರ ಎಲ್ಲಿವೆ? ಇಲ್ಲಿರುವುದು ಒಂದು ಕುರ್ಚಿ.

“ಅದಿರ್ಲಿ, ನೀನ್ಯಾಕೆ ಬಂದೆ ಇಷ್ಟು ದೂರ?” ಎಂದು ಅಕ್ಕ ಕೇಳಿದಳು.

ಗೋಡೆಯ ಗಡಿಯಾರದಲ್ಲಿ ಮೂರು ಮುಕ್ಕಾಲು. ಹದಿನೈದು ನಿಮಿಷ ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ಇಲಿಮರಿಗೆ ಗೊತ್ತಿದ್ದ ಒಂದೇ ವಿದ್ಯೆ. ‘ಪುಸ್ತಕ ವಾಪಸ್ ತಗೊಂಡ್ಹೋಗೋಣ ಅಂತ’ ಎಂದರೆ ಯಾರೂ ಅನುಮಾನ ಪಡುತ್ತಿರಲಿಲ್ಲ. ಆದರೆ ಮೇಡಂ ಮೇಜಿನ ಮುಂದೆ ನುಂಗಿದ ಮಾತು ಇನ್ನೂ ಗಂಟಲಲ್ಲೇ ಮುಳ್ಳಿನ ಹಾಗೆ ಕೂತಿತ್ತು. ಒಂದೇ ದಿನ ಎರಡು ನುಂಗುವುದು ಅವಳಿಂದ ಆಗಲಿಲ್ಲ.

“ಅಕ್ಕಾ, ಅದು ಕೊನೆ ಅಲ್ಲ.”

“ಯಾವುದು?”

“ನೀವು ಓದಿದ್ದು. ಇನ್ನೂ ಹದಿನಾರು ಪುಟ ಇದೆ. ನನ್ನ ನೋಟ್‌ಬುಕ್ಕಲ್ಲಿ ಉಳಿದುಬಿಟ್ಟಿತ್ತು. ಅಜ್ಜಂದೇನೂ ತಪ್ಪಿಲ್ಲ. ಎಣಿಸಬೇಕಾದವಳು ನಾನು.” ಮಡಿಕೆಯನ್ನು ಚೀಲದಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಚಾಚಲಿಲ್ಲ.

ಅಕ್ಕ ಅಂಟಿನ ಕಡ್ಡಿ ಕೆಳಗಿಟ್ಟಳು. ಮಡಿಕೆಯನ್ನು ನೋಡಿದಳು, ಅರ್ಜಿಯನ್ನು ನೋಡಿದಳು, ಇವಳ ಮುಖ ನೋಡಿದಳು.

“ಇದನ್ನ ಓದಿದ್ರೆ ನಾನು ಸಹಿ ಹಾಕ್ತೀನಾ, ಹಾಕಲ್ವಾ?”

“ಗೊತ್ತಿಲ್ಲ. ಬೆಳಿಗ್ಗೆ ಗೊತ್ತಿತ್ತು. ಈಗ ಗೊತ್ತಿಲ್ಲ.”

ಇಲಿಮರಿಗೆ ತನ್ನ ಎದೆಬಡಿತ ಬಾಟಲಿಗಳಿಗೂ ಕೇಳಿಸುತ್ತಿದೆ ಎನ್ನಿಸಿತು. ಆಮೇಲೆ ಅಕ್ಕ ಮಡಿಕೆಯನ್ನು ಅವಳ ಕೈಯಿಂದ ಬಿಡಿಸಿಕೊಂಡು, ತೆರೆಯದೆ, ಮುಂದಿನ ವಾರದ ಬಾಟಲಿಗಳ ಪೆಟ್ಟಿಗೆಯ ಅಡಿಗೆ ತಳ್ಳಿದಳು.

“ನಾಲ್ಕು ಗಂಟೆ ತಟ್ಟೆಗೆ ಹೊತ್ತಾಯ್ತು. ಬಾ, ಇವತ್ತು ನೀನಿಳಿಸು. ನಂಗೆ ಬಗ್ಗೋಕಾಗಲ್ಲ.”

ಹಲಗೆಯ ಕಟ್ಟೆ ನೀರಿನೊಳಗೆ ಇಪ್ಪತ್ತು ಹೆಜ್ಜೆ ಚಾಚಿಕೊಂಡಿತ್ತು. ಕೆರೆಯ ಅಂಚಿನಲ್ಲಿ ಹಸಿರು ಕೆನೆ, ಅದರಲ್ಲಿ ಒಂದು ಪ್ಲಾಸ್ಟಿಕ್ ಚಪ್ಪಲಿ. ಅಕ್ಕ ದಡದ ಕಡೆಯ ಕಂಬಕ್ಕೆ ಒರಗಿ ಅಂಕಿಯ ಪುಸ್ತಕ ಬಿಚ್ಚಿ ನಿಂತಳು. ಇಲಿಮರಿ ತುದಿಗೆ ಹೋಗಿ ಮಂಡಿಯೂರಿದಳು. ತಟ್ಟೆ ಊಟದ ತಟ್ಟೆಯಷ್ಟೇ ದೊಡ್ಡದು, ಹಗ್ಗದಲ್ಲಿ ಸೆಂಟಿಮೀಟರಿನ ಲೆಕ್ಕದ ಬಣ್ಣದ ಗುರುತುಗಳು. ತಟ್ಟೆ ನೀರಿಗೆ ತಾಗುವ ಮೊದಲೇ ಎರಡು ಸಲ ಕಟ್ಟೆಗೆ ಬಡಿಯಿತು.

“ನಿಧಾನ! ನೀರು ಕಲಕಬಾರದು!”

ಆಗಲೇ ದಂಡೆಯ ಮೇಲೆ ವ್ಯಾನಿನ ಹಾರ್ನು ಕೇಳಿತು. ವಾರದ ಬಾಟಲಿಗಳನ್ನು ಮುಖ್ಯ ಕಚೇರಿಗೆ ಒಯ್ಯುವ ವ್ಯಾನು. ಅರ್ಜಿ ಹೋಗಬೇಕಾದದ್ದೂ ಅದರಲ್ಲೇ. ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ.

“ಅಕ್ಕೋ! ಬಾಟಲಿ ಎಲ್ಲಿ?”

“ಮೇಜಿನ ಮೇಲಿದೆ, ಎತ್ಕೊಂಡ್ಹೋಗು!”

“ಅರ್ಜಿ? ಇವತ್ತೇ ಕೊನೆ ಅಂತೆ, ಆಮೇಲೆ ನನ್ನ ಬೈಬೇಡಿ!”

ಅಕ್ಕ ಏನು ನೋಡುತ್ತಿದ್ದಾಳೆ, ಬಾಗಿಲ ಕಡೆಯೋ ನೀರಿನ ಕಡೆಯೋ, ತಿರುಗಿ ನೋಡುವ ಧೈರ್ಯ ಇಲಿಮರಿಗೆ ಬರಲಿಲ್ಲ. ತಟ್ಟೆ ಇಳಿಯುತ್ತಿತ್ತು. ಬಿಳಿ ಹೋಗಿ ಹಳದಿ, ಹಳದಿ ಹೋಗಿ ಹಸಿರು, ಆಮೇಲೆ ಒಂದು ನೆನಪಿನಷ್ಟು ಮಸುಕು, ಆಮೇಲೆ ಇಲ್ಲ. ಹಗ್ಗದ ಗುರುತು ನೋಡಿದಳು. ಮತ್ತೊಮ್ಮೆ ನೋಡಿದಳು. ಒಂದೊಂದೇ ಗೆರೆಯನ್ನು ಬೆರಳಿಟ್ಟು ಎಣಿಸಿದಳು, ಈ ಸಲ ಬೇರೇನನ್ನೂ ಓದದೆ.

“ಎಷ್ಟು?” ಎಂದಳು ಅಕ್ಕ.

“ಎಂಬತ್ತೊಂದು.”

“ಏನು? ಗಾಳಿ ಇದೆ, ಕೇಳಿಸ್ತಿಲ್ಲ!”

“ಅಕ್ಕಾ, ಅರ್ಜಿ ಕೊಡ್ತೀರೋ ಇಲ್ವೋ?” ಎಂದ ಡ್ರೈವರು.

“ಎಷ್ಟೇ ಮರೀ? ಜೋರಾಗಿ ಹೇಳು!”

“ಎಂಬತ್ತೊಂದೂ!”

ಆ ಕೂಗು ತನ್ನದೇ ಎಂದು ಇಲಿಮರಿಗೆ ಗೊತ್ತಾಗಲು ಒಂದು ಗಳಿಗೆ ಬೇಕಾಯಿತು. ಅದು ನೀರಿನ ಮೇಲೆ ಜಾರಿಕೊಂಡು ಆಚೆ ದಡಕ್ಕೆ ಹೋಗಿ, ಪಂಪಿನ ಮನೆಯ ಗೋಡೆಗೆ ಬಡಿದು ವಾಪಸ್ ಬಂತು.

“ಏನದು ಎಂಬತ್ತೊಂದು?” ಎಂದು ಡ್ರೈವರು ಕಂಗಾಲಾಗಿ ಕೇಳಿದ.

“ಇವತ್ತಿನದು! ಹೋಗಿ ಅದನ್ನೇ ಹೇಳು ಅವರಿಗೆ. ಅರ್ಜಿ ಇಲ್ಲ ಅನ್ನು!” ಎಂದು ಅಕ್ಕ ಕೂಗಿ, ಪೆನ್ನು ತೆಗೆದಳು.

ಬಾಟಲಿಗಳ ಕಿಣಿಕಿಣಿ, ಬಾಗಿಲು ಬಡಿದ ಸದ್ದು, ಕಲ್ಲಿನ ಮೇಲೆ ಚಕ್ರ. ಆಮೇಲೆ ಕೆರೆ ಒಂದೇ ಉಳಿಯಿತು.

ಕೋಣೆಗೆ ವಾಪಸಾದ ಮೇಲೆ ಅಕ್ಕ ಪೆಟ್ಟಿಗೆಯ ಅಡಿಯಿಂದ ಮಡಿಕೆ ಎಳೆದು ಬಾಗಿಲ ಬೆಳಕಿನಲ್ಲಿ ಕೂತು ಓದಿದಳು. ಇಲಿಮರಿ ಎದುರು ಕೂತು ಉಗುರು ಕಚ್ಚಿದಳು. ಪುಟ ತಿರುವುವ ಸದ್ದಿಗೆಲ್ಲ ಲೆಕ್ಕ ಇಟ್ಟಳು. ಒಂದು ಕಡೆ ಅಕ್ಕ ನಿಂತಳು, ಹಿಂದಕ್ಕೆ ಹೋದಳು, ಮತ್ತೆ ಓದಿದಳು. ಯಾವ ಸಾಲೆಂದು ಇಲಿಮರಿಗೆ ಗೊತ್ತಿತ್ತು.

ಮುಗಿದ ಮೇಲೆ ಮಡಿಕೆಯನ್ನು ಜೋಪಾನವಾಗಿ ತೊಡೆಯ ಮೇಲಿಟ್ಟುಕೊಂಡಳು.

“ಇದನ್ನ ಮೂರೂಮುಕ್ಕಾಲಿಗೆ ಓದಿದ್ದಿದ್ರೆ ಸಹಿ ಹಾಕಿಬಿಡ್ತಿದ್ದೆ.”

ಇಲಿಮರಿ ಉಗುರು ಕಚ್ಚುವುದನ್ನು ಬಿಟ್ಟಳು.

“ಚೆನ್ನಾಗಿದೆ. ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅವಳಿಗೆ ಏಳು ಗೋಪುರ ಇದಾವಪ್ಪ. ನಂಗೆಲ್ಲಿದೆ? ಓದ್ತಾ ಇದ್ರೆ ನಂಗೂ ಇದೆ ಅನ್ನಿಸಿಬಿಡುತ್ತೆ, ಅಷ್ಟೇ.” ಮೊಣಕಾಲು ನೀವಿಕೊಂಡಳು. “ಇನ್ನು ಹೋಗೋ ಹಾಗಿಲ್ಲ. ಮನೇಲಿ ಏನ್ ಹೇಳ್ತೀನೋ.”

ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಇಲಿಮರಿಗೆ ತಿಳಿಯಲಿಲ್ಲ. ಆ ಊದಿದ ಮೊಣಕಾಲನ್ನು ನೋಡಿದಾಗ ತಾನು ಮಾಡಿದ್ದು ಉಪಕಾರ ಎಂದು ಹೇಳಿಕೊಳ್ಳಲು ಆಗಲಿಲ್ಲ. ಕ್ಷಮಿಸಿ ಎನ್ನಬೇಕೆನ್ನಿಸಿತು; ಯಾವುದಕ್ಕೆ ಎಂದು ಗೊತ್ತಾಗಲಿಲ್ಲ.

ಅಷ್ಟರಲ್ಲಿ ಅಕ್ಕ ಅಂಕಿಯ ಪುಸ್ತಕವನ್ನು ಅವಳ ಮುಂದೆ ತಳ್ಳಿದ್ದಳು. ತಾರೀಖು, ಹೊತ್ತು, ಆಳ, ಕೊನೆಯಲ್ಲಿ ‘ನೋಡಿದವರು’ ಎಂಬ ಚೌಕ. ಆ ಚೌಕದಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಸಹಿ, ಪುಟ ತಿರುವಿದರೂ ಅದೇ ಸಹಿ. ಇವತ್ತಿನ ಸಾಲಿನಲ್ಲಿ ಮಾತ್ರ ಖಾಲಿ.

“ನೋಡಿದವಳು ನೀನು. ನಾನು ಸಹಿ ಹಾಕಿದ್ರೆ ಸುಳ್ಳಾಗುತ್ತೆ” ಎಂದಳು ಅಕ್ಕ. “ಬರೀ. ಇಲಿಮರಿ ಅಂತ ಬರೀಬೇಡ ಮತ್ತೆ, ಪೂರ್ತಿ ಹೆಸರು.”

ಬರೆದಳು. ಅಕ್ಷರ ಸೊಟ್ಟಗಾಯಿತು, ಕೊನೆಯಲ್ಲಿ ಶಾಯಿ ಹರಡಿತು. ಸಾಲು ಸರಿಯಾಗಿದೆಯೇ, ತಾರೀಖು ಇವತ್ತಿನದೇ ಎಂದು ಎರಡು ಸಲ ನೋಡಿಕೊಂಡಳು.

“ಶುಕ್ರವಾರಗಳಲ್ಲಿ ಬರೋಕಾಗುತ್ತಾ ನೋಡು. ಬಗ್ಗೋದೊಂದು ತಪ್ಪಿದ್ರೆ ಈ ಕಾಲು ಇನ್ನಷ್ಟು ದಿನ ಎಳೆಯುತ್ತೆ. ಬರ್ತಾ ಒಂದು ಪುಸ್ತಕ ತಾ. ಈ ಸಲ ಬಾಲ ಸಮೇತ.”

ವಾಪಸ್ ಬಸ್ಸಿನಲ್ಲಿ ಇಲಿಮರಿ ‘ಹೆಪ್ಪುಗಡಲು’ ಪುಸ್ತಕವನ್ನೂ ಮಡಿಕೆಯನ್ನೂ ತೊಡೆಯ ಮೇಲಿಟ್ಟುಕೊಂಡು ಬೆನ್ನಿನ ಕಡೆಯಿಂದ ಫರ್ಮಾ ಎಣಿಸಿದಳು. ಹದಿನೈದು, ಮತ್ತೊಂದು. ನಾಳೆ ಮೇಡಂ ಮುಂದೆ ನಿಂತು, ಅಜ್ಜನದಲ್ಲ, ನನ್ನ ತಪ್ಪು ಎಂದು ಹೇಳಬೇಕು. ಶುಕ್ರವಾರಗಳಿಗೆ ರಜ ಕೇಳುವುದು ಹೇಗೆ? ಮುಂದಿನ ಪುಸ್ತಕ ಯಾವುದು? ಅದರಲ್ಲೂ ಅಕ್ಕ ತನಗೆ ಕಾಣದ ಖಾಲಿ ಚೌಕವನ್ನೇ ಹುಡುಕಿ ತೆಗೆದರೆ?

ಗ್ರಂಥಾಲಯದ ಸ್ಟಾಪು ಬರಲು ಇನ್ನೂ ನಾಲ್ಕು ಸ್ಟಾಪು ಇರುವಾಗಲೇ ಅವಳು ಎದ್ದು ಹೋಗಿ ಬಾಗಿಲ ಬಳಿ ನಿಂತಳು. ಕಂಬಿ ಹಿಡಿದುಕೊಂಡು, ‘ನಿಲ್ಸಿ’ ಎನ್ನುವುದನ್ನು ಮನಸ್ಸಿನಲ್ಲೇ ಒಂದೆರಡು ಸಲ ಕೂಗಿ ನೋಡಿಕೊಂಡಳು.